ಭಾವನ ಮ್ಯಾಕ್ ಮತ್ತು ಬಾಯಿಬಿಟ್ಟ ಬೋರ್ಡು

ಇಡೀ ಬೀದಿಯಲ್ಲಿ ಮ್ಯಾಕ್ ಕಂಪ್ಯೂಟರ್ ಇದ್ದ ಮನೆ ಒಂದೇ. ಅದನ್ನು ಮ್ಯಾಕ್ ಎಂದು ಒಪ್ಪಿಕೊಂಡವನೂ ಒಬ್ಬನೇ. ಅವನೇ ಭಾವ.

ಯಾರಿಗೆ ಭಾವ ಎಂದು ಕೇಳಬಾರದು. ಬೀದಿಯ ಮೂಲೆಯಲ್ಲಿ ಲಾಂಡ್ರಿ ನಡೆಸುವ ಅವನ ಹೆಂಡತಿಯನ್ನು ಹಾಲು ಹಾಕುವವನಿಂದ ಹಿಡಿದು ನಿವೃತ್ತ ಜಡ್ಜರವರೆಗೆ ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅಕ್ಕನ ಗಂಡ ಭಾವನಾಗದೆ ಇನ್ನೇನಾಗುತ್ತಾನೆ? ಹಾಗಾಗಿ ತಲೆ ನರೆತವರಿಗೂ ಅವನು ಭಾವ. ಅಂಗಡಿ ಅಕ್ಕನದು. ಬಾಯ್ಲರು, ಇಸ್ತ್ರಿ, ವೈರಿಂಗು ಭಾವನ ಖಾತೆ. ಖಾತೆಯಲ್ಲಿ ಕೆಟ್ಟಿದ್ದು ಏನೂ ಇಲ್ಲದಿದ್ದಾಗ ಅವನು ಕೆಡದೆ ಇದ್ದದ್ದನ್ನು ಬಿಚ್ಚುತ್ತಿದ್ದ.

ಮ್ಯಾಕ್ ಹುಟ್ಟಿದ್ದೇ ಹಾಗೆ. ಅಂಗಡಿಯಲ್ಲಿ ಒಂದು ಸಾಧಾರಣ ಕಂಪ್ಯೂಟರ್ ಇತ್ತು. ಯಾರ ತಂಟೆಗೂ ಹೋಗದೆ ತನ್ನ ಪಾಡಿಗೆ ಕೆಲಸ ಮಾಡಿಕೊಂಡಿತ್ತು. ಭಾವ ಅದರ ಹೊಟ್ಟೆ ಬಗೆದು, ಬೇಕಾದ್ದನ್ನು ಉಳಿಸಿಕೊಂಡು, ಮಿಕ್ಕ ಬಿಡಿಭಾಗಗಳನ್ನು ಸಿಕ್ಕಸಿಕ್ಕಲ್ಲಿಂದ ತಂದು ಸೇರಿಸಿ, ಅಸಲಿ ಮ್ಯಾಕಿನಲ್ಲಿ ಮಾತ್ರ ಓಡಬೇಕಾದ ತಂತ್ರಾಂಶ ವ್ಯವಸ್ಥೆಯನ್ನು ಅದರಲ್ಲಿ ಓಡಿಸಿದ. ಅದು ಓಡಿತು ಎಂಬುದು ಸತ್ಯ. ಅದರಿಂದ ಸದ್ದು ಹೊರಡುತ್ತಿರಲಿಲ್ಲ, ಒಮ್ಮೆ ಮಲಗಿತೆಂದರೆ ಏಳುತ್ತಿರಲಿಲ್ಲ ಎಂಬುದೂ ಅಷ್ಟೇ ಸತ್ಯ. ಭಾವ ಡಬ್ಬಿಯ ಮೇಲೆ ಕಚ್ಚಿದ ಸೇಬಿನ ಸ್ಟಿಕರ್ ಅಂಟಿಸಿ, ಮಹಡಿಯ ಹಿಂದಿನ ಕೋಣೆಯಲ್ಲಿ ಮೇಜು ಹಾಕಿ ಪ್ರತಿಷ್ಠಾಪಿಸಿದ.

"ಇದು ಮಾಡದೇ ಇರೋ ಕೆಲಸ ಅಂತ ಇಲ್ಲ," ಎಂದು ಬೀದಿಗೆಲ್ಲ ಹೇಳಿಕೊಂಡು ಬಂದ.

ಅಂಥ ಕೆಲಸ ಒಂದಿತ್ತು. ಅಂಗಡಿಯ ಬಾಗಿಲ ಮೇಲೆ, ಬೀದಿಗೆ ಮುಖ ಮಾಡಿ, ಕೆಂಪು ದೀಪದ ಅಕ್ಷರಗಳು ಸಾಲಾಗಿ ಓಡುವ ಬೋರ್ಡು. ಕಂಪ್ಯೂಟರಿನಲ್ಲಿ ಒಂದು ಸಾಲು ಬರೆದು ಕಳಿಸಿದರೆ, ಇನ್ನೊಂದು ಸಾಲು ಬರುವವರೆಗೆ ಅದನ್ನೇ ಓಡಿಸುತ್ತಿರುವುದು ಅದರ ಧರ್ಮ. ಆದರೆ ಬೋರ್ಡು ಹಳೇ ಕಾಲದ್ದು. ಸೀರಿಯಲ್ ಪೋರ್ಟ್ ಎಂಬ ಒಂಬತ್ತು ಪಿನ್ನಿನ ದಾರಿಯಲ್ಲಿ ಬಂದರೆ ಮಾತ್ರ ಮಾತು ಕೇಳುತ್ತಿತ್ತು. ಮ್ಯಾಕ್ ಮಾಡುವವರು ಆ ದಾರಿಯನ್ನು ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಹೀಗೆ ಭಾವನ ಕಂಪ್ಯೂಟರೂ ಅಕ್ಕನ ಬೋರ್ಡೂ ಒಂದೇ ಮನೆಯಲ್ಲಿದ್ದು ಮಾತು ಬಿಟ್ಟ ದಾಯಾದಿಗಳಂತಾಗಿದ್ದವು.

ಅಂದು ಬೆಳಿಗ್ಗೆ ಅಕ್ಕ ಮಹಡಿ ಹತ್ತಿ ಬಂದಳು. ಹತ್ತುವುದು ಸುಲಭವಿರಲಿಲ್ಲ. ಒಗೆದು, ಇಸ್ತ್ರಿ ಮಾಡಿ, ಚೀಟಿ ಹಚ್ಚಿ ಇಟ್ಟ ಮೇಲೂ ಯಾರೂ ಒಯ್ಯದ ಬಟ್ಟೆಗಳು ಅಂಗಡಿಯ ಹಲಗೆಗಳನ್ನೆಲ್ಲ ತುಂಬಿ, ಮೆಟ್ಟಿಲಿಗೆ ಹರಡಿ, ಭಾವನ ಕೋಣೆಗೂ ನುಗ್ಗಿದ್ದವು. ಮ್ಯಾಕಿನ ಎಡಕ್ಕೆ ಕಿಟಕಿ ಪರದೆಗಳು, ಬಲಕ್ಕೆ ಹೊದಿಕೆಗಳು, ಹಿಂದೆ ಮೊಳೆಗೆ ತೂಗುಹಾಕಿದ ಕೋಟುಗಳು.

"ರೀ, ಸಾಯಂಕಾಲ ಆಸ್ಪತ್ರೆ ಮೇಟ್ರನ್ ಬರ್ತಾರೆ. ಹಾಸಿಗೆ ಬಟ್ಟೆ ಒಗೆಯೋ ಕೆಲಸ ನಮಗೆ ಕೊಡಬಹುದಾ ಅಂತ ನೋಡೋಕೆ. ಇಡೋಕೆ ಜಾಗ ಎಲ್ಲಿ ಅಂತ ಕೇಳಿದ್ರೆ ಏನು ಹೇಳಲಿ? ನಮ್ಮ ಯಜಮಾನರ ತಲೆ ಮೇಲೆ ಅಂತ ಹೇಳಲಾ?"

"ಬೋರ್ಡು ಹತ್ತಿಸ್ತಿದ್ದೀನಲ್ಲ," ಎಂದ ಭಾವ, ಮೇಜಿನ ಕೆಳಗಿನಿಂದ.

"ವಾರದಿಂದ ಹತ್ತಿಸ್ತಿದ್ದೀರಿ. ನಾನೇನು ಮಹಾಭಾರತ ಬರೆಯಿರಿ ಅಂದ್ನಾ? 'ಒಗೆದ ಬಟ್ಟೆಗಳನ್ನು ದಯವಿಟ್ಟು ಬೇಗ ಒಯ್ಯಬೇಕಾಗಿ ವಿನಂತಿ.' ಒಂದು ಸಾಲು! ಮಧ್ಯಾಹ್ನದ ಊಟದೊಳಗೆ ಬರಲಿಲ್ಲ ಅಂದ್ರೆ ನಮ್ಮಣ್ಣನಿಗೆ ಫೋನ್ ಮಾಡ್ತೀನಿ. ಒಂದು ಸರಿಯಾದ ಕಂಪ್ಯೂಟರ್ ತರ್ತಾನೆ. ನಿಮ್ಮ ಸೇಬು ಗುಜರಿಗೆ ಹೋಗುತ್ತೆ."

ಅಕ್ಕನ ಅಣ್ಣನಿಗೆ ದೊಡ್ಡ ರಸ್ತೆಯಲ್ಲಿ ಕಂಪ್ಯೂಟರ್ ಅಂಗಡಿ ಇತ್ತು. ಎಲ್ಲರೂ ಅವನನ್ನು ಕಂಪ್ಯೂಟರಣ್ಣ ಎನ್ನುತ್ತಿದ್ದರು. ಭಾವನ ಮ್ಯಾಕನ್ನು ಅವನು "ಸೇಬಿನ ಸಿಪ್ಪೆ" ಎಂದು ಕರೆದದ್ದು ಸಂಬಂಧಿಕರಲ್ಲೆಲ್ಲ ಹರಡಿ, ಭಾವನ ಸ್ವಂತ ತಾಯಿಯೇ ಫೋನಿನಲ್ಲಿ "ಸಿಪ್ಪೆ ಹೇಗಿದೆಯಪ್ಪ?" ಎಂದು ವಿಚಾರಿಸುವ ಮಟ್ಟಕ್ಕೆ ಬಂದಿತ್ತು. ಅವನ ಕೈಯಲ್ಲಿ ಸೋಲುವುದಕ್ಕಿಂತ ಭಾವ ಬಾಯ್ಲರಿಗೆ ಹಾರಲು ಸಿದ್ಧನಿದ್ದ.

ಅವನು ಮೊದಲು ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಒಂದು ಅಡಾಪ್ಟರ್ ಚುಚ್ಚಿದ. ಮ್ಯಾಕ್ ಅದನ್ನು ಕಂಡೂ ಕಾಣದಂತೆ ಕುಳಿತಿತು. ಆಮೇಲೆ ಡಬ್ಬಿ ಬಿಚ್ಚಿದ. ಒಳಗಿನ ಮದರ್‌ಬೋರ್ಡಿನ ಅಂಚಿನಲ್ಲಿ ಸೀರಿಯಲ್ ಪೋರ್ಟಿನ ಪಿನ್ನುಗಳು ಸಾಲಾಗಿ ನಿಂತಿದ್ದವು. ಅವಕ್ಕೆ ತಂತಿ ಕೊಟ್ಟು ಹೊರಗೆ ತಂದ. ಆಗಲೂ ಮ್ಯಾಕ್ ಮಿಸುಕಲಿಲ್ಲ. ಕಾರಣ ಹುಡುಕುತ್ತಾ ಹೋದರೆ, ಕಂಪ್ಯೂಟರ್ ಏಳುವ ಮೊದಲೇ ಬರುವ ಸೆಟ್ಟಿಂಗಿನಲ್ಲಿ ಆ ಪೋರ್ಟನ್ನು ಯಾರೋ ಮುಚ್ಚಿಬಿಟ್ಟಿದ್ದರು. ಆ ಯಾರೋ ಭಾವನೇ. ಮ್ಯಾಕ್ ಕಟ್ಟುವಾಗ ಬೇಡದ ಪೋರ್ಟುಗಳನ್ನೆಲ್ಲ ಮುಚ್ಚಬೇಕೆಂದು ಇಂಟರ್ನೆಟ್ಟಿನ ಗುರುವೊಬ್ಬ ಹೇಳಿದ್ದ, ಭಾವ ಗುರುವಾಕ್ಯ ಪಾಲಿಸಿದ್ದ.

ಇಷ್ಟರಲ್ಲಿ ಒಂದೊಂದು ಪ್ರಯತ್ನಕ್ಕೂ ಅವನು ಮೆಟ್ಟಿಲಿಳಿದು, ಗಿರಾಕಿಗಳ ನಡುವೆ ನುಗ್ಗಿ, ಬೀದಿಗೆ ಓಡಿ, ಬೋರ್ಡು ನೋಡಿ, ಕಪ್ಪಾಗಿರುವುದನ್ನು ಕಂಡು, ಅದೇ ದಾರಿಯಲ್ಲಿ ವಾಪಸ್ಸು ಓಡುತ್ತಿದ್ದ. ಒಂದು ಸಲ ಯಾರದೋ ಬಿಳಿ ಅಂಗಿಯ ಮೇಲೆ ಹೆಜ್ಜೆ ಮೂಡಿಸಿದ.

"ಇನ್ನೊಂದು ಸಲ ಕೆಳಗೆ ಇಳಿದ್ರೆ ನಿಮ್ಮನ್ನೂ ಒಗೆಯೋಕೆ ಹಾಕ್ತೀನಿ!" ಎಂದಳು ಅಕ್ಕ. "ಮೇಲೇ ಕೂತ್ಕೊಂಡು ಮಾಡಿ. ಕೆಲಸ ಆದ್ರೆ ಕಂಪ್ಯೂಟರ್ ಪರದೆ ಮೇಲೇ ಗೊತ್ತಾಗುತ್ತೆ ತಾನೆ?"

ಪರದೆ ಮೇಲೇ ಗೊತ್ತಾಗುತ್ತದೆ ಎಂದು ಭಾವನೂ ನಂಬಿದ. ಈ ಕಥೆಯ ಎಲ್ಲ ಅನಾಹುತಕ್ಕೂ ಆ ನಂಬಿಕೆಯೇ ಮೂಲ.

ಅವನು ಪೋರ್ಟನ್ನು ತೆರೆದಿಟ್ಟ, ಚಾಲಕ ತಂತ್ರಾಂಶ ಹಾಕಿದ, ವೇಗ ಹೊಂದಿಸಿದ, ಪರದೆಯಲ್ಲಿ ಕಪ್ಪು ಕಿಟಕಿಯೊಂದನ್ನು ತೆರೆದು ಟೈಪ್ ಮಾಡಿದ: "ಪರೀಕ್ಷೆ." ಕಿಟಕಿಯಲ್ಲಿ ಒಂದಕ್ಷರವೂ ಮೂಡಲಿಲ್ಲ. ಮೂಡುವಂತೆಯೂ ಇರಲಿಲ್ಲ. ಅಂಥ ಕಿಟಕಿಯಲ್ಲಿ ಒತ್ತಿದ ಅಕ್ಷರ ನೇರವಾಗಿ ತಂತಿಗೆ ಇಳಿದುಬಿಡುತ್ತದೆ. ಅದನ್ನು ಪರದೆಯಲ್ಲೂ ತೋರಿಸು ಎಂದು ಬೇರೆಯಾಗಿ ಹೇಳಬೇಕು. ಭಾವ ಹೇಳಿರಲಿಲ್ಲ. ಅಕ್ಷರಗಳು ಅವನ ಕಣ್ಣಿಗೆ ಬೀಳದೆ ತಂತಿಯಲ್ಲಿ ಜಾರಿ, ಗೋಡೆ ದಾಟಿ, ಬಾಗಿಲ ಮೇಲಿನ ಬೋರ್ಡು ಸೇರಿ, ಅಂಗೈ ಎತ್ತರದ ಕೆಂಪು ಬೆಳಕಿನಲ್ಲಿ ಬೀದಿಯುದ್ದಕ್ಕೂ ಓಡತೊಡಗಿದವು.

ಹಿಂದಿನ ಕೋಣೆಯಲ್ಲಿದ್ದ ಭಾವನಿಗೆ ಬೀದಿ ಕಾಣದು. ಬೋರ್ಡಿನ ಅಡಿಯಲ್ಲೇ ಕುಳಿತ ಅಕ್ಕನಿಗೆ ಬೋರ್ಡು ಕಾಣದು. ಕಂಡದ್ದು ಎದುರಿನ ಔಷಧಿ ಅಂಗಡಿಯವನಿಗೆ.

"ಪರೀಕ್ಷೆಯಂತೆ," ಎಂದು ಅವನು ಗಿರಾಕಿಗಳಿಗೆ ಓದಿ ಹೇಳಿದ. "ಯಾರಿಗೋ ಏನೋ."

ಮುಂದಿನ ಸಾಲು ಬಂತು: "ಯಾರಾದರೂ ಇದ್ದೀರಾ?"

ಔಷಧಿ ಅಂಗಡಿಯವನು ಸಭ್ಯ ಮನುಷ್ಯ. ಕೈಯೆತ್ತಿ, "ಇದ್ದೀನಿ," ಎಂದ.

ಮಹಡಿಯಲ್ಲಿ ಭಾವನ ತಾಳ್ಮೆ ತಪ್ಪುತ್ತಿತ್ತು. "ಸತ್ತಿದ್ದೀಯಾ ಬದುಕಿದ್ದೀಯಾ, ಅಷ್ಟಾದರೂ ಹೇಳು," ಎಂದು ಪೋರ್ಟಿಗೆ ಬರೆದ. ಅದೇ ಹೊತ್ತಿಗೆ ಕೋಲೂರಿಕೊಂಡು ವಾಯುವಿಹಾರದಿಂದ ಮರಳುತ್ತಿದ್ದ ನಿವೃತ್ತ ಜಡ್ಜರು ತಲೆಯೆತ್ತಿ ಓದಿ, ನಿಂತಲ್ಲೇ ನಿಂತರು.

"ಇನ್ನೂ ಇದ್ದೀನಿ," ಎಂದರು ಅವರು ಬೋರ್ಡಿಗೆ, ಗಂಭೀರವಾಗಿ. "ಆದರೆ ಇದು ಕೇಳೋ ರೀತಿಯಲ್ಲ."

ಪರೀಕ್ಷೆಗೆಂದು ಬರೆಯಲು ಎಷ್ಟು ಹೊತ್ತು ಮಾತು ಹುಟ್ಟೀತು? ಭಾವ ಸುತ್ತ ನೋಡಿ, ಕಣ್ಣಿಗೆ ಬಿದ್ದ ಚೀಟಿಗಳನ್ನು ಓದಿ ಓದಿ ಟೈಪ್ ಮಾಡತೊಡಗಿದ. ಹೇಗೂ ಯಾರೂ ಓದುವುದಿಲ್ಲವಲ್ಲ ಎಂದು ಮನಸ್ಸಿನ ಮಾತನ್ನೂ ಸೇರಿಸಿದ.

"ಜಡ್ಜ್ ಸಾಹೇಬರ ಕರಿ ಕೋಟು. ಹೋದ ಮಳೆಗಾಲದಿಂದ ಇಲ್ಲೇ ಇದೆ. ತೀರ್ಪು ಕಾಯ್ದಿರಿಸಲಾಗಿದೆ."

ಜಡ್ಜರು ಇನ್ನೂ ಬೋರ್ಡಿನ ಎದುರೇ ನಿಂತಿದ್ದರು. ಒಮ್ಮೆ ಓದಿದರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. ಔಷಧಿ ಅಂಗಡಿಯವನು ಬೇರೆ ಕಡೆ ನೋಡುವ ಕೃಪೆ ಮಾಡಿದ. ಜಡ್ಜರು ಮೆಲ್ಲನೆ ಲಾಂಡ್ರಿಯ ಮೆಟ್ಟಿಲು ಹತ್ತಿ, ಕೆಮ್ಮಿ, "ಅಕ್ಕ, ಹೀಗೇ ಈ ಕಡೆ ಬಂದಿದ್ದೆ. ನನ್ನದೊಂದು ಕೋಟು ಇರಬೇಕಲ್ಲ?" ಎಂದರು.

ಅಕ್ಕನಿಗೆ ಹಗಲಲ್ಲಿ ಚಂದ್ರ ಕಂಡಂತಾಯಿತು. ಮಹಡಿಗೆ ಓಡಿದಳು. "ಜಡ್ಜರ ಕೋಟು ಎಲ್ಲಿ? ಕೊಡಿ ಬೇಗ!"

"ಯಾಕೆ?"

"ಪ್ರಶ್ನೆ ಕೇಳೋಕೆ ಪುರುಸೊತ್ತಿಲ್ಲ."

ಭಾವನಿಗೆ ಹೊಳೆದದ್ದು ಒಂದೇ. ಕೋಣೆ ಖಾಲಿ ಮಾಡಿಸುತ್ತಿದ್ದಾಳೆ! ಗುಜರಿಯವನಿಗೆ ದಾರಿ ಬಿಡಿಸುತ್ತಿದ್ದಾಳೆ! ಅವನು ಇನ್ನೂ ಜೋರಾಗಿ ಕೀಲಿಗಳನ್ನು ಕುಟ್ಟಿದ.

"ಡ್ರೈವಿಂಗ್ ಶಾಲೆಯವರ ಹಸಿರು ಪರದೆ. ಊರಿಗೆಲ್ಲ ಯು-ಟರ್ನ್ ಕಲಿಸುತ್ತಾರೆ. ತಾವು ಮಾತ್ರ ಈ ಕಡೆ ತಿರುಗಿಲ್ಲ."

"ಸಂಗೀತದ ಮೇಡಂ, ಎರಡು ಹೊದಿಕೆ. ಶ್ರುತಿ ಸರಿಯಾಗಿದೆ, ಲಾಂಡ್ರಿ ದಾರಿ ತಪ್ಪಿದೆ."

"ಪಾಲಿಕೆ ಇನ್ಸ್‌ಪೆಕ್ಟರ ರೇನ್‌ಕೋಟು. ಬೋರ್ಡಿನ ಪರವಾನಗಿ ಎಲ್ಲಿ ಎಂದು ವಾರಕ್ಕೊಮ್ಮೆ ಕೇಳುತ್ತಾರೆ. ಕೋಟು ಎಲ್ಲಿ ಎಂದು ಒಮ್ಮೆಯೂ ಕೇಳಿಲ್ಲ."

ಬೀದಿಯಲ್ಲಿ ಜನ ಸೇರಿದರು. ಔಷಧಿ ಅಂಗಡಿಯವನು ಸ್ಟೂಲು ಹಾಕಿಕೊಂಡು, ದೂರದವರಿಗೆ ಕಾಣದ ಸಾಲುಗಳನ್ನು ಕೂಗಿ ಓದುವ ಹೊಣೆ ಹೊತ್ತ. ಡ್ರೈವಿಂಗ್ ಶಾಲೆಯ ಮಾಲೀಕ ಕಲಿಯುವವನನ್ನು ಸ್ಟಿಯರಿಂಗಿನ ಮುಂದೆಯೇ ಬಿಟ್ಟು ಇಳಿದು ಬಂದ. ಸಂಗೀತದ ಮೇಡಂ ಪಾಠ ನಿಲ್ಲಿಸಿ ಬಂದರು. ಇನ್ಸ್‌ಪೆಕ್ಟರು ಮೊದಲು ಪರವಾನಗಿ ರದ್ದು ಮಾಡುವ ಮುಖ ಹೊತ್ತು ಒಳಗೆ ಬಂದವರು, ಕೌಂಟರಿನ ಹತ್ತಿರ ಬಾಗಿ, "ಮೊದಲು ರೇನ್‌ಕೋಟು ಕೊಟ್ಬಿಡಿ. ಪರವಾನಗಿ ವಿಚಾರ ಆಮೇಲೆ ನೋಡೋಣ," ಎಂದು ಪಿಸುಗುಟ್ಟಿದರು. ತಮ್ಮ ಸಾಲು ಇನ್ನೂ ಬರದವರು, ಬರುವ ಮೊದಲೇ ಒಯ್ದುಬಿಡೋಣವೆಂದು ಮುಗಿಬಿದ್ದರು. ಯಾಕೆ ಬಂದಿರೆಂದು ಅಕ್ಕ ಕೇಳಿದರೆ ಎಲ್ಲರ ಉತ್ತರವೂ ಒಂದೇ: "ಹೀಗೇ, ಈ ಕಡೆ ಬಂದಿದ್ದೆ." ಇಡೀ ಊರು ಒಂದೇ ಬೆಳಿಗ್ಗೆ ಹೀಗೇ ಈ ಕಡೆ ಬಂದದ್ದು ಹೇಗೆಂದು ಅಕ್ಕನಿಗೆ ಅರ್ಥವಾಗಲಿಲ್ಲ. ಗದ್ದಲದಲ್ಲಿ ಬೀದಿಯ ಕೂಗು ಕೇಳಿಸಲಿಲ್ಲ, ಯೋಚಿಸಲು ಬಿಡುವೂ ಇರಲಿಲ್ಲ. ಮಹಡಿ ಹತ್ತುವುದು, ಗಂಟು ಎತ್ತುವುದು, ಇಳಿಯುವುದು.

ಒಂದೊಂದು ಗಂಟು ಹೋದಂತೆಯೂ ಭಾವನ ಮುಖ ಚಿಕ್ಕದಾಯಿತು. ಹೊದಿಕೆ ಹೋದವು, ಪರದೆ ಹೋದವು. ಕೋಣೆಯಲ್ಲಿ ಮಾತಾಡಿದರೆ ಮಾರ್ದನಿ ಕೇಳತೊಡಗಿತು. ಕೊನೆಗೆ ಅವನು ಅಭಿಮಾನ ಬಿಟ್ಟು ಪೋರ್ಟಿಗೆ ಶರಣಾದ:

"ದಯವಿಟ್ಟು ಕೆಲಸ ಮಾಡು ಮಹಾರಾಯ. ಇಲ್ಲದಿದ್ದರೆ ಇವತ್ತು ಸಾಯಂಕಾಲ ಅವಳು ನನ್ನನ್ನೂ ನಿನ್ನನ್ನೂ ಸೇರಿಸಿ ಗುಜರಿಗೆ ಹಾಕುತ್ತಾಳೆ."

ಬೀದಿ ನಗು ನಿಲ್ಲಿಸಿತು. ಔಷಧಿ ಅಂಗಡಿಯವನು ಈ ಸಾಲನ್ನು ಓದುವಾಗ ಧ್ವನಿ ತಗ್ಗಿಸಿದ. ಸಂಗೀತದ ಮೇಡಂ ಹೊದಿಕೆ ಎದೆಗವಚಿಕೊಂಡೇ ಮತ್ತೆ ಒಳಗೆ ಬಂದು ಅಕ್ಕನ ಕೈ ಹಿಡಿದರು.

"ಅಕ್ಕ, ಗಂಡಸರು ಅಂದ್ಮೇಲೆ ಒಂದಿಷ್ಟು ಹುಚ್ಚು ಇದ್ದದ್ದೇ. ಭಾವನ್ನ ಕೈಬಿಡಬೇಡಿ."

"ನಾನ್ಯಾಕೆ ಕೈಬಿಡಲಿ?"

"ಗಂಡನನ್ನ ಗುಜರಿಗೆ ಹಾಕೋಕೆ," ಎಂದರು ಕೋಟು ತೊಟ್ಟು ಅಧಿಕಾರ ಮರಳಿ ಪಡೆದಂತಿದ್ದ ಜಡ್ಜರು, "ಕಾನೂನಿನಲ್ಲಿ ಅವಕಾಶ ಇಲ್ಲಮ್ಮ."

ಅಕ್ಕ ಕೆಂಪಾಗಿ ಮಹಡಿ ಹತ್ತಿದಳು. "ನಮ್ಮನೆ ಮಾತನ್ನೆಲ್ಲ ಊರಿಗೆ ಫೋನ್ ಮಾಡಿ ಹೇಳಿದ್ದೀರಾ?"

"ಯಾರ ಹತ್ರ ಮಾತಾಡಲಿ ನಾನು?" ಎಂದ ಭಾವ ಅಳುಮುಖದಲ್ಲಿ. "ಈ ಪೋರ್ಟೇ ನನ್ನ ಹತ್ರ ಮಾತಾಡ್ತಿಲ್ಲ."

"ಊಟದ ಹೊತ್ತಾಯ್ತು. ನಮ್ಮಣ್ಣ ಹೊರಟಿದ್ದಾನೆ," ಎಂದು ಹೇಳಿ ಅವಳು ಕೆಳಗಿಳಿದಳು.

ಭಾವ ಮರಣಶಯ್ಯೆಯ ಮೇಲಿದ್ದವನಂತೆ ಸುತ್ತ ನೋಡಿದ. ಕೋಣೆಯಲ್ಲಿ ಉಳಿದದ್ದು ಒಂದೇ ಒಂದು ಬಟ್ಟೆ. ಮೊಳೆಗೆ ತೂಗುತ್ತಿದ್ದ ನೀಲಿ ಸೂಟು. ಅದರ ಚೀಟಿ ಓದಿದ ಅವನ ಮುಖದಲ್ಲಿ ಅಂದು ಮೊದಲ ಬಾರಿಗೆ ಕಳೆ ಬಂತು. ಹೋಗುವುದಾದರೆ ಒಂದು ಮಾತು ಹೇಳಿಯೇ ಹೋಗುವುದೆಂದು, ಬೆರಳು ನೆಟಿಕೆ ಮುರಿದು ಟೈಪ್ ಮಾಡಿದ.

ಸರಿಯಾಗಿ ಆಗಲೇ ಕಂಪ್ಯೂಟರಣ್ಣ ವ್ಯಾನಿನಿಂದ ಇಳಿದ. ಹೊಚ್ಚ ಹೊಸ ಕಂಪ್ಯೂಟರಿನ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು, ತನಗಾಗಿಯೇ ಸೇರಿದಂತಿದ್ದ ಜನರನ್ನು ಕಂಡು ಉಬ್ಬಿ, ವ್ಯಾನನ್ನು ಕಳಿಸಿ ನಾಲ್ಕು ಹೆಜ್ಜೆ ಬಂದ. ತಲೆಯ ಮೇಲೆ ಕೆಂಪಕ್ಷರ ಓಡಿತು. ಔಷಧಿ ಅಂಗಡಿಯವನು ಸ್ಟೂಲಿನ ಮೇಲಿಂದ ಸ್ಪಷ್ಟವಾಗಿ ಓದಿದ:

"ಕಂಪ್ಯೂಟರಣ್ಣನ ನೀಲಿ ಸೂಟು. ತಂಗಿಯ ಅಂಗಡಿ ಎಂದು ಇಟ್ಟು ವರ್ಷವಾಯಿತು. ಒಯ್ಯುವುದು ಹೇಗೆ? ಹೊಟ್ಟೆ ಬೆಳೆದಿದೆ, ಸೂಟು ಬೆಳೆದಿಲ್ಲ."

ಬೀದಿಯ ನಗುವಿಗೆ ಪಾರಿವಾಳಗಳು ಎದ್ದವು. ಕಂಪ್ಯೂಟರಣ್ಣ ಪೆಟ್ಟಿಗೆಯನ್ನು ಅಕ್ಕನ ಕೌಂಟರಿನ ಮೇಲೆ ಕುಕ್ಕಿ, ಒಂದೇ ಉಸಿರಿಗೆ ಮಹಡಿ ಹತ್ತಿದ.

"ಯಾರನ್ನ ಕೇಳಿ ನನ್ನ ಹೊಟ್ಟೆ ವಿಚಾರ ಬೀದೀಲಿ ಓಡಿಸ್ತಿದ್ದೀರಿ, ಭಾವ?"

ಭಾವ ಕುರ್ಚಿಯಿಂದೆದ್ದ. "ಏನಂದ್ರಿ?"

"ಹೊಟ್ಟೆ ಬೆಳೆದಿದೆ, ಸೂಟು ಬೆಳೆದಿಲ್ಲ ಅಂತ!"

"ಅದನ್ನ ಎಲ್ಲಿ ಓದಿದ್ರಿ?"

"ಎಲ್ಲಿ ಅಂದ್ರೆ? ಬೋರ್ಡಿನ ಮೇಲೆ!"

"ಪೂರ್ತಿ ಬಂದಿದೆಯಾ? ಒತ್ತಕ್ಷರ ಸರಿಯಾಗಿ ಬಂದಿದೆಯಾ?"

"ಒಂದಕ್ಷರ ಬಿಡದೆ ಬಂದಿದೆ!"

ಭಾವ ಕಂಪ್ಯೂಟರಣ್ಣನನ್ನು ತಬ್ಬಿಕೊಂಡ. ತೋಳು ಸುತ್ತು ಬರಲಿಲ್ಲ, ಆದರೂ ಬಿಡಲಿಲ್ಲ. "ಪೋರ್ಟ್ ಬಂತು! ಅಣ್ಣ, ನಿಮ್ಮ ಹೊಟ್ಟೆ ತಣ್ಣಗಿರಲಿ, ಪೋರ್ಟ್ ಬಂತು!" ಎಂದು ಕುಣಿಯುತ್ತಾ, ಸೂಟನ್ನು ಬಾವುಟದಂತೆ ಹಿಡಿದು, ಇಳಿಯಬಾರದೆಂಬ ಆಜ್ಞೆ ಮರೆತು ಬೀದಿಗೆ ಓಡಿದ. ಬೋರ್ಡು ತನ್ನ ಮಾತನ್ನೇ ಓಡಿಸುತ್ತಿರುವುದನ್ನು ಜನರ ನಡುವೆ ನಿಂತು, ಬಾಯಿ ತೆರೆದು ನೋಡಿದ. ಬೆಳಿಗ್ಗೆಯಿಂದ ಅಲ್ಲಿ ಏನೇನು ಓಡಿತೆಂದು ಔಷಧಿ ಅಂಗಡಿಯವನು ಕ್ರಮವಾಗಿ ಒಪ್ಪಿಸಿದ. ಗುಜರಿಯ ಸಾಲು ಬಂದಾಗ ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾಚಿಕೆಯೆಂದು ಎಲ್ಲರೂ ತಿಳಿದರು. ಅವಳು ನಗುತ್ತಿದ್ದಳು.

"ನಗೋ ವಿಷಯ ಅಲ್ಲ," ಎಂದ ಹಿಂದೆಯೇ ಇಳಿದು ಬಂದ ಕಂಪ್ಯೂಟರಣ್ಣ. "ನನಗೆ ತಿದ್ದುಪಡಿ ಬೇಕು. ಇದೇ ಬೋರ್ಡು, ಇದೇ ಅಳತೆ ಅಕ್ಷರ. ಸೂಟು ನನಗೆ ಸರಿಯಾಗಿ ಆಗುತ್ತೆ."

"ಪುರಾವೆ?" ಎಂದರು ಜಡ್ಜರು.

ಕಂಪ್ಯೂಟರಣ್ಣ ಸೂಟು ಕಿತ್ತುಕೊಂಡು ಇಸ್ತ್ರಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಒಳಗಿನಿಂದ ಹೆಣಗುವ ಸದ್ದು ಕೇಳುತ್ತಲೇ ಇತ್ತು. ಅದು ಮುಗಿಯುವ ಮೊದಲೇ ಮೇಟ್ರನ್ ಬಂದರು. ಹೇಳಿದ ಹೊತ್ತಿಗಿಂತ ಮುಂಚೆ ಬರುವುದು ಅವರ ಅಭ್ಯಾಸ.

ಅವರು ಅಂಗಡಿಯ ಖಾಲಿ ಹಲಗೆಗಳನ್ನು ನೋಡಿದರು. ಮಹಡಿಯ ಖಾಲಿ ಕೋಣೆ ನೋಡಿದರು. ಹುಬ್ಬು ಗಂಟಾಯಿತು. "ಒಂದು ಬಟ್ಟೇನೂ ಇಲ್ವಲ್ಲ. ಗಿರಾಕಿಗಳೇ ಇಲ್ವೇನಮ್ಮ ನಿಮಗೆ?"

ಜಾಗ ಇಲ್ಲ ಎಂಬ ಆಕ್ಷೇಪಣೆಗೆ ಅಕ್ಕ ವಾರದಿಂದ ಉತ್ತರ ಹುಡುಕಿದ್ದಳು. ಜಾಗ ಇದೆ ಎಂಬ ಆಕ್ಷೇಪಣೆಗೆ ಉತ್ತರ ಇರಲಿಲ್ಲ. ಭಾವ ಮೇಟ್ರನ್‌ರನ್ನು ಬಾಗಿಲಿಗೆ ಕರೆತಂದು ಬೀದಿ ತೋರಿಸಿದ. ಜಡ್ಜರು ಕೋಟಿನಲ್ಲಿ, ಮೇಡಂ ಹೊದಿಕೆಯೊಂದಿಗೆ, ಬಿಸಿಲಲ್ಲಿ ರೇನ್‌ಕೋಟು ತೊಟ್ಟ ಇನ್ಸ್‌ಪೆಕ್ಟರು, ಮತ್ತೆ ಬೀದಿ ತುಂಬ ಗಂಟು ಹಿಡಿದ ಜನ.

"ಇಷ್ಟೂ ಇವತ್ತೇ ಹೋಗಿದ್ದು," ಎಂದ.

"ಒಂದೇ ದಿನದಲ್ಲಾ? ಹೇಗೆ ಹೊರಡಿಸಿದ್ರಿ ಇವರನ್ನೆಲ್ಲ?"

ಭಾವ ಬೋರ್ಡು ತೋರಿಸಿದ. ಮೇಟ್ರನ್ ಸೂಟಿನ ಸಾಲನ್ನು ಎರಡು ಸುತ್ತು ಓದಿದರು. ಅವರ ಮುಖ ಸಡಿಲಾಯಿತು. "ನಮ್ಮಲ್ಲೂ ಒಂದು ಇಂಥದ್ದು ಬೇಕು. ಡಿಸ್ಚಾರ್ಜ್ ಆದ್ರೂ ಹಾಸಿಗೆ ಬಿಡದವರು ಎಷ್ಟು ಜನ ಇದ್ದಾರೆ!" ಎಂದು ನಿಟ್ಟುಸಿರಿಟ್ಟು, ಅಕ್ಕನ ಕಡೆ ತಿರುಗಿ, "ನಾಳೆಯಿಂದ ಗಾಡಿ ಕಳಿಸ್ತೀನಿ," ಎಂದರು.

ಆಗ ಇಸ್ತ್ರಿ ಕೋಣೆಯ ಬಾಗಿಲು ತೆರೆಯಿತು. ಕಂಪ್ಯೂಟರಣ್ಣ ಸೂಟಿನೊಳಗಿದ್ದ. ಗುಂಡಿಗಳೆಲ್ಲ ಹಾಕಿದ್ದವು. ಅವನು ಉಸಿರಾಡುತ್ತಿದ್ದುದಕ್ಕೆ ಮಾತ್ರ ಸಾಕ್ಷಿ ಇರಲಿಲ್ಲ. ಜಡ್ಜರು ಸುತ್ತಲೂ ನಡೆದು ಪರಿಶೀಲಿಸಿದರು. ಅಕ್ಕ ಕಣ್ಣಲ್ಲೇ ಗಂಡನಿಗೆ ಸೂಚನೆ ಕೊಟ್ಟಳು. ಭಾವ ಮಹಡಿಗೆ ಹೋಗಿ ಕುಳಿತ. ಕಂಪ್ಯೂಟರಣ್ಣನಿಗೆ ನೋವಾಗಬಾರದು, ಸುಳ್ಳನ್ನೂ ಓಡಿಸಬಾರದು. ಬಹಳ ಹೊತ್ತು ಯೋಚಿಸಿ, ಬರೆದು ಕಳಿಸಿದ. ಬೀದಿ ಓದಿತು:

"ತಿದ್ದುಪಡಿ: ಕಂಪ್ಯೂಟರಣ್ಣನ ಸೂಟು ಅವರಿಗೆ ಆಗುವುದಿಲ್ಲ ಎಂಬರ್ಥದ ಸಾಲು ಇಲ್ಲಿ ಬಂದಿತ್ತು. ಸೂಟು ಆಗುತ್ತದೆ. ನಿಂತಿರುವಾಗ."

"ಅದು ಸಾಕು," ಎಂದ ಕಂಪ್ಯೂಟರಣ್ಣ, ಸಣ್ಣ ಧ್ವನಿಯಲ್ಲಿ. ದೊಡ್ಡ ಧ್ವನಿಗೆ ಒಳಗೆ ಜಾಗವಿರಲಿಲ್ಲ.

ಹೊಸ ಕಂಪ್ಯೂಟರಿನ ಪೆಟ್ಟಿಗೆ ಕೌಂಟರಿನ ಮೇಲೆ ಹಾಗೇ ಕುಳಿತಿತ್ತು. ಅಕ್ಕ ಅದನ್ನು ಅಣ್ಣನ ಕಡೆಗೆ ಮೆಲ್ಲನೆ ತಳ್ಳಿದಳು. "ಇರೋದೇ ಸಾಕಣ್ಣ. ಸಿಟ್ಟಾಗಬೇಡ."

ಸಿಟ್ಟಾಗುವ ಸ್ಥಿತಿಯಲ್ಲೂ ಅವನಿರಲಿಲ್ಲ. ಪೆಟ್ಟಿಗೆ ಎತ್ತಲು ಬಾಗಬೇಕು, ಬಾಗುವಂತಿರಲಿಲ್ಲ. ಆಟೊ ಕರೆದರೆ ಕೂರಬೇಕು, ತಿದ್ದುಪಡಿ ತಲೆಯ ಮೇಲೇ ಓಡುತ್ತಿರುವಾಗ ಬೀದಿಯ ಎದುರು ಕೂರುವ ಮಾತೇ ಇಲ್ಲ. ಸೂಟು ಬಿಚ್ಚೋಣವೆಂದರೆ ಅದಕ್ಕೆ ಇಬ್ಬರ ಸಹಾಯ ಬೇಕಿತ್ತು. ಕೊನೆಗೆ ಭಾವನೇ ಪೆಟ್ಟಿಗೆಯನ್ನು ಹೆಗಲಿಗೇರಿಸಿಕೊಂಡ. ಮುಂದೆ ಕಂಪ್ಯೂಟರಣ್ಣ ಸೆಟೆದು, ಎದೆಯುಬ್ಬಿಸಿ, ಗೌರವ ವಂದನೆ ಸ್ವೀಕರಿಸುವ ಮಂತ್ರಿಯಂತೆ ನಡೆದ. ಹಿಂದೆ ಭಾವ ಭಾರ ಹೊತ್ತು, ಹಾಡು ಗುನುಗುತ್ತಾ ನಡೆದ. ಬೀದಿ ಎರಡೂ ಬದಿಗೆ ಸರಿದು ದಾರಿ ಬಿಟ್ಟಿತು.

ದೊಡ್ಡ ರಸ್ತೆಯ ತಿರುವಿನಲ್ಲಿ, ಮರದ ನೆರಳಿಗೆ ಒಂದು ಕಲ್ಲುಬೆಂಚು ಸಿಕ್ಕಿತು.

"ಅಣ್ಣ," ಎಂದ ಭಾವ ನಿಂತು, "ಸ್ವಲ್ಪ ಕೂತು ಹೋಗೋಣ್ವಾ?"

"ನಡೀರಿ ಸುಮ್ಮನೆ," ಎಂದ ಕಂಪ್ಯೂಟರಣ್ಣ.